ನಿಮಗಿದು ಗೊತ್ತೆ? ಗಾಡ್ಜಿಲ್ಲಾ ಎಂಬ ರಕ್ಕಸನ ಮರುಹುಟ್ಟು

● ಸಿನಿಮಾ ರಕ್ಕಸ ಗಾಡ್ಜಿಲ್ಲಾದ ಹೆಸರು ಜಪಾನಿನಲ್ಲಿ ಗೊಜಿರಾ. ‘ಗೊರಿಲ್ಲಾ’ ಪದಕ್ಕೆ ತಿಮಿಂಗಿಲಕ್ಕಿರುವ ಜಪಾನಿ ಪದ ‘ಕುಜಿರಾ’ ಸೇರಿ ಆದದ್ದು.

● ಮೊದಲ ಚಿತ್ರ ತೆರೆಕಂಡದ್ದು 1954ರಲ್ಲಿ. ನಿರ್ದೇಶಕ ಇಶಿರೊ ಹೊಂಡಾ. ಅದೇ ವರ್ಷ ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣ ಜಪಾನಿ ಮೀನುಗಾರರಿಗೆ ತಟ್ಟಿತ್ತು. ಆ ಭಯವೇ ಕಥೆಗೆ ಬೀಜ.

● ಆಗ ಗಾಡ್ಜಿಲ್ಲಾ ಎತ್ತರ 50 ಮೀಟರ್, ಹೆಚ್ಚುಕಡಿಮೆ ವಿಜಯಪುರದ ಗೋಲಗುಂಬಜಿನಷ್ಟು! 2016ರ ‘ಶಿನ್ ಗಾಡ್ಜಿಲ್ಲಾ’ದಲ್ಲಿ ಅದು 118.5 ಮೀಟರಿಗೆ ಬೆಳೆಯಿತು.

● ನಮ್ಮ ಯಕ್ಷಗಾನದ ಬಣ್ಣದ ವೇಷದಂತೆ ಇಲ್ಲಿಯೂ ರಕ್ಕಸನೊಳಗಿದ್ದದ್ದು ಮನುಷ್ಯನೇ. ಭಾರದ ರಬ್ಬರ್ ವೇಷ ತೊಟ್ಟು, ಪುಟಾಣಿ ಮಾದರಿ ನಗರಗಳನ್ನು ತುಳಿದವರು ನಟ ಹರುವೊ ನಕಾಜಿಮಾ.

● ಗಾಡ್ಜಿಲ್ಲಾದ ಘರ್ಜನೆ ಯಾವ ಪ್ರಾಣಿಯದೂ ಅಲ್ಲ. ಡಬಲ್ ಬಾಸ್ ವಾದ್ಯದ ಸಡಿಲ ತಂತಿಯನ್ನು ಚರ್ಮದ ಕೈಗವಸಿನಿಂದ ಉಜ್ಜಿ ಹುಟ್ಟಿಸಿದ ಸದ್ದು.

● ‘ಶಿನ್ ಗಾಡ್ಜಿಲ್ಲಾ’ದಲ್ಲಿ 2011ರ ಸುನಾಮಿ, ಫುಕುಶಿಮಾ ಅಣುದುರಂತದ ನೆರಳಿದೆ. 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ ಕಥೆಯನ್ನು ಮತ್ತೆ ಯುದ್ಧದಿಂದ ನಲುಗಿದ ಜಪಾನಿಗೇ ಒಯ್ದಿತು.

● 2024ರಲ್ಲಿ ‘ಮೈನಸ್ ಒನ್’ಗೆ ದೃಶ್ಯ ಪರಿಣಾಮದ ಆಸ್ಕರ್ ಸಂದಿತು. ಆಸ್ಕರ್ ಗೆದ್ದ ಮೊದಲ ಗಾಡ್ಜಿಲ್ಲಾ ಚಿತ್ರ ಅದೇ!