ಕಾಸ್ಮಿಕ್ ಕಿರಣಗಳ ಮೂಲ ಎಲ್ಲಿ? ದಕ್ಷಿಣ ಧ್ರುವದ ಹಿಮದಾಳದಲ್ಲಿ ನಡೆದಿದೆ ಹುಡುಕಾಟ

ಬಾಹ್ಯಾಕಾಶದಿಂದ ಭೂಮಿಯ ಮೇಲೆ ಪ್ರತಿ ಕ್ಷಣವೂ ಕಣಗಳ ಮಳೆ ಸುರಿಯುತ್ತಿದೆ. ಇವೇ ಕಾಸ್ಮಿಕ್ ಕಿರಣಗಳು. 1912ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ವಿಕ್ಟರ್ ಹೆಸ್ ಬಲೂನ್ ಏರಿ ಇವುಗಳನ್ನು ಪತ್ತೆ ಮಾಡಿದರು. ಆದರೆ ಅತಿ ಹೆಚ್ಚು ಶಕ್ತಿಯ ಕಿರಣಗಳು ಹುಟ್ಟುವುದೆಲ್ಲಿ ಎಂಬ ಪ್ರಶ್ನೆಗೆ ನೂರು ವರ್ಷ ಕಳೆದರೂ ಪೂರ್ಣ ಉತ್ತರ ಸಿಕ್ಕಿಲ್ಲ.

ಪತ್ತೆ ಏಕೆ ಕಷ್ಟ?

ಕಾಸ್ಮಿಕ್ ಕಿರಣಗಳಲ್ಲಿ ಬಹುಪಾಲು ಪ್ರೋಟಾನ್‌ಗಳು. ಇವುಗಳಿಗೆ ವಿದ್ಯುದಾವೇಶ ಇರುವುದರಿಂದ ಬಾಹ್ಯಾಕಾಶದ ಕಾಂತಕ್ಷೇತ್ರಗಳು ದಾರಿ ತಪ್ಪಿಸುತ್ತವೆ. ಭೂಮಿ ತಲುಪುವ ಹೊತ್ತಿಗೆ ಅವು ಎಲ್ಲಿಂದ ಹೊರಟವು ಎಂದು ಹೇಳುವುದೇ ಕಷ್ಟ.

ಇಲ್ಲಿ ನೆರವಿಗೆ ಬರುವುದು ನ್ಯೂಟ್ರಿನೊ. ಕಾಸ್ಮಿಕ್ ಕಿರಣಗಳು ತಮ್ಮ ಮೂಲದ ಸುತ್ತಲಿನ ಅನಿಲಕ್ಕೆ ಅಥವಾ ಬೆಳಕಿನ ಕಣಗಳಿಗೆ ಡಿಕ್ಕಿ ಹೊಡೆದಾಗ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಆವೇಶವಿಲ್ಲದ ಇವು ನೇರವಾಗಿ ಬರುತ್ತವೆ. ಆದರೆ ಬಹುತೇಕ ನ್ಯೂಟ್ರಿನೊಗಳು ಏನನ್ನೂ ತಾಕದೆ ಸಾಗಿಹೋಗುವುದರಿಂದ, ಅವನ್ನು ಹಿಡಿಯಲು ಬೃಹತ್ ದೂರದರ್ಶಕವೇ ಬೇಕು.

ಐಸ್‌ಕ್ಯೂಬ್ ಹೇಗೆ ಕೆಲಸ ಮಾಡುತ್ತದೆ?

ದಕ್ಷಿಣ ಧ್ರುವದಲ್ಲಿ 2010ರ ಡಿಸೆಂಬರ್‌ನಲ್ಲಿ ಪೂರ್ಣಗೊಂಡ ಐಸ್‌ಕ್ಯೂಬ್‌ಗೆ ಒಂದು ಘನ ಕಿಲೋಮೀಟರ್ ಮಂಜುಗಡ್ಡೆಯೇ ಕಣ್ಣು. ಅದರೊಳಗೆ 1,450ರಿಂದ 2,450 ಮೀಟರ್ ಆಳದಲ್ಲಿ 5,160 ಬೆಳಕಿನ ಸಂವೇದಕಗಳಿವೆ. ಅಪರೂಪಕ್ಕೊಂದು ನ್ಯೂಟ್ರಿನೊ ಮಂಜುಗಡ್ಡೆಯ ಪರಮಾಣುವಿಗೆ ಬಡಿದರೆ ಹೊರಬೀಳುವ ಕಣಗಳಿಂದ ಮಂದ ನೀಲಿ ಬೆಳಕು ಹೊಮ್ಮುತ್ತದೆ. ಯಾವ ಸಂವೇದಕಕ್ಕೆ ಬೆಳಕು ಯಾವಾಗ ತಲುಪಿತು ಎಂಬುದರಿಂದ ನ್ಯೂಟ್ರಿನೊ ಬಂದ ದಿಕ್ಕನ್ನು ಲೆಕ್ಕ ಹಾಕುತ್ತಾರೆ.

ಕೋಲಾರದ ನಂಟು

ಕಾಸ್ಮಿಕ್ ಕಿರಣಗಳು ಭೂಮಿಯ ವಾತಾವರಣಕ್ಕೆ ಅಪ್ಪಳಿಸಿದಾಗಲೂ ನ್ಯೂಟ್ರಿನೊಗಳು ಹುಟ್ಟುತ್ತವೆ. ಇವನ್ನು 1965ರಲ್ಲಿ ಮೊದಲು ಗುರುತಿಸಿದ ಎರಡು ಪ್ರಯೋಗಗಳಲ್ಲಿ ಒಂದು ನಡೆದದ್ದು ಕೋಲಾರ ಚಿನ್ನದ ಗಣಿಯಲ್ಲಿ. ಇನ್ನೊಂದು ದಕ್ಷಿಣ ಆಫ್ರಿಕಾದ ಗಣಿಯಲ್ಲಿ. ಅಂದು ಸಾಧನೆ ಎನಿಸಿದ ಈ ನ್ಯೂಟ್ರಿನೊಗಳೇ ಇಂದು ಐಸ್‌ಕ್ಯೂಬ್‌ಗೆ ತಲೆನೋವು. ಇವುಗಳ ದಂಡಿನ ನಡುವೆಯೇ ದೂರದಿಂದ ಬಂದ ಕೆಲವನ್ನು ಹೆಕ್ಕಬೇಕು.

ಇದುವರೆಗೆ ಸಿಕ್ಕಿದ್ದೇನು?

* 2013: ಸೌರಮಂಡಲದಾಚೆಯಿಂದ ಬಂದ ಅತಿಶಕ್ತಿಯ ನ್ಯೂಟ್ರಿನೊಗಳ ಮೊದಲ ಪುರಾವೆ ಪ್ರಕಟ.
* 2017 ಸೆಪ್ಟೆಂಬರ್ 22: ಸಿಕ್ಕ ಒಂದು ನ್ಯೂಟ್ರಿನೊದ ಜಾಡು ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗ್ಯಾಲಕ್ಸಿಯತ್ತ ಬೊಟ್ಟು ಮಾಡಿತು. ಅದರ ಕೇಂದ್ರದ ಕಪ್ಪುಕುಳಿ ಭೂಮಿಯತ್ತ ಕಣಗಳ ಪ್ರವಾಹ ಚಿಮ್ಮುತ್ತಿದೆ.
* 2022: ಎನ್‌ಜಿಸಿ 1068 ಗ್ಯಾಲಕ್ಸಿಯ ದಿಕ್ಕಿನಿಂದ ಸುಮಾರು 80 ಹೆಚ್ಚುವರಿ ನ್ಯೂಟ್ರಿನೊಗಳು ಬಂದಿರುವುದು ವರದಿ.
* 2023: ನಮ್ಮದೇ ಕ್ಷೀರಪಥದಿಂದಲೂ ನ್ಯೂಟ್ರಿನೊ ಬರುತ್ತಿರುವುದಕ್ಕೆ ಪುರಾವೆ.

ಮುಂದೇನು?

ದೈತ್ಯ ಕಪ್ಪುಕುಳಿಗಳ ನೆರೆಯಲ್ಲಿ ಕಾಸ್ಮಿಕ್ ಕಿರಣಗಳು ವೇಗ ಪಡೆಯುತ್ತವೆ ಎಂಬ ವಾದಕ್ಕೆ ಇದರಿಂದ ಬಲ ಬಂದಿದೆ. ಆದರೆ ಈ ಮೂಲಗಳು ವಿವರಿಸುವುದು ಸಿಕ್ಕ ನ್ಯೂಟ್ರಿನೊಗಳಲ್ಲಿ ಸಣ್ಣ ಪಾಲನ್ನು ಮಾತ್ರ. ಉಳಿದವುಗಳ ಮೂಲ ತಿಳಿಯಲು ಮೆಡಿಟರೇನಿಯನ್ ಸಮುದ್ರದಡಿ ಕೆಎಂ3ನೆಟ್ ದೂರದರ್ಶಕವನ್ನು ಹಂತಹಂತವಾಗಿ ನಿರ್ಮಿಸಲಾಗುತ್ತಿದೆ. ಅಲ್ಲಿ ಮಂಜುಗಡ್ಡೆಯ ಬದಲು ಕಡಲ ನೀರೇ ಬಲೆ.