ಹಡಗಿನ ಕನ್ನಡಿ ಮುಂದೆ ಒಂದು ಪ್ಲಗ್ಗು

ಯಲಹಂಕ ಉಪನಗರದಲ್ಲಿ ಅಕ್ಕನ ಮನೆಯ ಮಂಚದ ಮೇಲೆ ಕೂರಲು ಜಾಗವಿರಲಿಲ್ಲ. ಒಂದು ಕಡೆ ಮಡಿಸಿಟ್ಟ ಮೈಸೂರು ಸಿಲ್ಕ್, ಇನ್ನೊಂದು ಕಡೆ ಚಕ್ಕುಲಿ ಕೋಡುಬಳೆಯ ಡಬ್ಬಗಳು, ನಡುವೆ ವೈರುಗಳ ರಾಶಿ. ಭಾವನಿಗೆ ಅರವತ್ತು ತುಂಬಿತ್ತು. ಶಾಂತಿಹೋಮವನ್ನು ಮನೆಮಟ್ಟಿಗೆ ಮುಗಿಸಿ, ಛತ್ರ ಹಿಡಿದು ಊರಿಗೆಲ್ಲ ಊಟ ಹಾಕಿಸುವ ದುಡ್ಡಿನಲ್ಲಿ ನಾಲ್ಕು ಜನ ಚೆನ್ನೈನಿಂದ ಹಡಗು ಹತ್ತುವುದೆಂದು ತೀರ್ಮಾನವಾಗಿತ್ತು. ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರಿನಲ್ಲಿ ಮುಂಬೈನಿಂದ, 2022ರ ಜೂನ್‌ನಲ್ಲಿ ಚೆನ್ನೈನಿಂದ ಹೊರಡಲು ಶುರುವಾದ ಮೇಲೆ ಇಂಥ ಪ್ರಯಾಣ ನಮ್ಮಂಥ ಮನೆಗಳ ಊಟದ ಹೊತ್ತಿನ ಮಾತಿಗೂ ಬಂದಿದೆ. ಅದಕ್ಕೆ ಮುಂಚೆ ಹೆಚ್ಚಿನವರಿಗೆ ಕ್ರೂಸ್ ಎಂದರೆ ಸಿಂಗಪುರಕ್ಕೋ ದುಬೈಗೋ ಹೋದವರು ತೋರಿಸುವ ಫೋಟೊ.

ಒಯ್ಯಬಾರದ ಸಾಮಾನುಗಳ ಪಟ್ಟಿಯನ್ನು ಅಕ್ಕನ ಮಗಳು ಪುಟ್ಟಿ ಫೋನಿನಲ್ಲಿ ಓದುತ್ತಿದ್ದಳು. ಒಂದೊಂದು ಹೆಸರು ಓದಿದಾಗಲೂ ಒಂದೊಂದು ಸಾಮಾನು ಸೂಟ್‌ಕೇಸಿನಿಂದ ಹೊರಬರುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಮೊದಲು ಹೊರಗೆ ಬಂತು. ನೀರು ಕಾಯಿಸುವ ಕೆಟಲ್ ಅದರ ಹಿಂದೆ. ಅಜ್ಜಿ, ಎಂದರೆ ಅಕ್ಕನ ಅತ್ತೆ, ಕೈಚೀಲದಿಂದ ಪುಟ್ಟ ದೀಪ, ಊದುಬತ್ತಿ, ಕರ್ಪೂರದ ಪೊಟ್ಟಣ ಮೂರನ್ನೂ ಒಂದೊಂದಾಗಿ ತೆಗೆದು ದಿಂಬಿನ ಮೇಲಿಟ್ಟರು. “ದೀಪ ಹಚ್ಚದೆ ಮೂರು ದಿನವೇ?” ಎಂದು ಒಮ್ಮೆ ಕೇಳಿದರು, ಅಷ್ಟೇ. ಮೋಂಬತ್ತಿ, ಊದುಬತ್ತಿ, ಉರಿಯುವುದು ಯಾವುದಿದ್ದರೂ ಪ್ರಯಾಣಿಕರ ಹಡಗುಗಳಲ್ಲಿ ಕೂಡದು. ಈ ನಿಯಮ ಹೆಚ್ಚುಕಡಿಮೆ ಎಲ್ಲ ಕಂಪನಿಗಳದ್ದೂ ಹೌದು.

ಕೊನೆಗೆ ಉಳಿದದ್ದು ಕೂದಲಿನ ಸಾಮಾನು. ಪುಟ್ಟಿಯ ಸ್ಟ್ರೈಟ್ನರ್, ಅಕ್ಕನ ಕರ್ಲರ್, ಮತ್ತು ಅಳಿಯಂದಿರು ಅಮೆರಿಕದಿಂದ ತಂದುಕೊಟ್ಟ ದಪ್ಪ ಹೇರ್ ಡ್ರೈಯರ್. ಇಸ್ತ್ರಿ ಪೆಟ್ಟಿಗೆ ಬೇಡವೆನ್ನುವ ಕಂಪನಿಗಳು ಇವುಗಳನ್ನು ಸಾಮಾನ್ಯವಾಗಿ ಬಿಡುತ್ತವೆ. ಆದರೆ ಎಲ್ಲರ ಪಟ್ಟಿಯೂ ಒಂದೇ ಅಲ್ಲ, ತಮ್ಮ ಹಡಗಿನದನ್ನು ಓದಿಯೇ ಹೊರಡಬೇಕು. ಸ್ಟ್ರೈಟ್ನರಿನ ತಟ್ಟೆಯೂ 200 ಡಿಗ್ರಿ ದಾಟಿ ಕಾಯುತ್ತದೆ, ಇಸ್ತ್ರಿಯೂ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಆದರೆ ಇಸ್ತ್ರಿ ಬಟ್ಟೆಯ ಮೇಲೆ ಮುಖ ಕೆಳಗಾಗಿ ಕೂರುವ ಸಾಮಾನು, ಬೇಕಾಗುವ ಕರೆಂಟು ಸಾವಿರ ವ್ಯಾಟಿನ ಆಸುಪಾಸು. ಸ್ಟ್ರೈಟ್ನರ್ ನಲವತ್ತು ಐವತ್ತು ವ್ಯಾಟಿನದು, ಕೆಲಸ ಮಾಡುವಾಗ ಕೈಯಲ್ಲೇ ಇರುತ್ತದೆ. ಅಪಾಯವಿರುವುದು ಕೈಯಿಂದ ಕೆಳಗಿಟ್ಟ ಮೇಲಿನ ಹತ್ತು ನಿಮಿಷದಲ್ಲಿ.

ಭಾವ ಕನ್ನಡಕ ಹಣೆಗೇರಿಸಿ, ಫೋನಿನ ಟಾರ್ಚ್ ಹಾಕಿ, ಸ್ಟ್ರೈಟ್ನರಿನ ಹಿಡಿಯನ್ನು ಕಣ್ಣಿನ ಹತ್ತಿರಕ್ಕೆ ತಂದರು. 1984ರಲ್ಲಿ ಶುರುವಾದ, ಹಳಬರು ಇವತ್ತಿಗೂ ವೀಲ್ ಅಂಡ್ ಆಕ್ಸಲ್ ಪ್ಲಾಂಟ್ ಎನ್ನುವ ಯಲಹಂಕದ ರೈಲು ಗಾಲಿ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದು ಈಗಷ್ಟೇ ನಿವೃತ್ತರಾದವರು. ವೈರು ಹಿಡಿಗೆ ಸೇರುವ ಜಾಗದಲ್ಲಿ ರಬ್ಬರಿನ ಕತ್ತು ಸ್ವಲ್ಪ ಬಿರುಕು ಬಿಟ್ಟಿತ್ತು. ಪುಟ್ಟಿ ಪ್ರತಿಸಲ ವೈರನ್ನು ಹಿಡಿಗೆ ಬಿಗಿಯಾಗಿ ಸುತ್ತಿಡುವುದರ ಗುರುತು ಅದು. ಅದರ ಕೆಳಗೆ, ಎಣ್ಣೆಗೈ ತಾಗಿ ಅರ್ಧ ಅಳಿಸಿದ ಅಕ್ಷರಗಳಲ್ಲಿ 100–240 ವೋಲ್ಟ್, 50/60 ಹರ್ಟ್ಸ್ ಎಂದಿತ್ತು. “ಇದು ಎಲ್ಲಿ ಬೇಕಾದ್ರೂ ನಡಿಯುತ್ತೆ, ಆದ್ರೆ ಈ ವೈರು ಬದಲಾಯಿಸದೆ ನಾನು ಒಯ್ಯಕ್ಕೆ ಬಿಡಲ್ಲ” ಎಂದರು.

ಆಮೇಲೆ ಡ್ರೈಯರ್. ಅದರ ಮೇಲೆ 125 ವೋಲ್ಟ್, 1875 ವ್ಯಾಟ್ ಎಂದಿತ್ತು. ಭಾವ ಅದನ್ನು ಪಕ್ಕಕ್ಕೆ ಇಟ್ಟೇಬಿಟ್ಟರು. “ಬಿಸಿ ಮಾಡೋ ತಂತಿಗೆ ವೋಲ್ಟೇಜ್ ಎರಡರಷ್ಟಾದ್ರೆ ಕಾವು ನಾಲ್ಕರಷ್ಟು. ಇದನ್ನ ನಮ್ಮ 230ಕ್ಕೆ ಚುಚ್ಚಿದ್ರೆ ಮೂರು ಪಟ್ಟಿಗೂ ಹೆಚ್ಚು ಕಾಯುತ್ತೆ. ಮೊದಲು ಸುಟ್ಟ ವಾಸನೆ, ಆಮೇಲೆ ಹೊಗೆ.” ತಿರುಗುಮುರುಗಾದರೆ ಹೊಗೆಯ ಭಯವಿಲ್ಲ, ಕೆಲಸವೇ ಆಗುವುದಿಲ್ಲ. ನಮ್ಮೂರಿನ 1200 ವ್ಯಾಟಿನ ಡ್ರೈಯರನ್ನು 110 ವೋಲ್ಟಿಗೆ ಹಾಕಿದರೆ ಮುನ್ನೂರು ವ್ಯಾಟ್ ಕೂಡ ಹುಟ್ಟದು, ಉಗುರುಬೆಚ್ಚಗಿನ ಗಾಳಿ ಬರುತ್ತದೆ. ಹಡಗಿನ ಕೋಣೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಬಗೆಯ ಸಾಕೆಟ್. ಒಂದು ಅಮೆರಿಕದ ಚಪ್ಪಟೆ ಪಿನ್ನಿನದು, 110 ವೋಲ್ಟ್. ಇನ್ನೊಂದು ಯುರೋಪಿನ ದುಂಡು ಪಿನ್ನಿನದು, 220 ವೋಲ್ಟ್. ನಮ್ಮ ಎರಡು ದುಂಡು ಪಿನ್ನಿನ ಸಣ್ಣ ಪ್ಲಗ್ ಯುರೋಪಿನದಕ್ಕೆ ಹೊಂದಿಕೊಳ್ಳುತ್ತದೆ. ಚಪ್ಪಟೆಯದಕ್ಕೆ ಅಡಾಪ್ಟರ್ ಬೇಕು.

ಸಂಜೆ ಅದನ್ನು ಹುಡುಕಿಕೊಂಡು ಯಶವಂತಪುರದ ಒಂದು ಎಲೆಕ್ಟ್ರಿಕಲ್ ಅಂಗಡಿಗೆ ಹೋದೆವು. ಮಾರುಕಟ್ಟೆಗೆ ಈರುಳ್ಳಿ ತಂದ ಲಾರಿಗಳ ಸಾಲು, ಮೇಲೆ ಮೆಟ್ರೊ, ಕೆಳಗೆ ಹಾರ್ನು. ಅಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ಅಡಾಪ್ಟರುಗಳು ಬಣ್ಣಬಣ್ಣವಾಗಿ ಕೂತಿದ್ದವು. ಅಂಗಡಿಯವರು ಗಿರಾಕಿಗಳಿಗೆ ಮೊದಲು ಹೇಳುವ ಮಾತನ್ನೇ ನಮಗೂ ಹೇಳಿದರು: “ಸಾರ್, ಇದು ಪಿನ್ನು ಬದಲಾಯಿಸುತ್ತೆ ಅಷ್ಟೆ, ವೋಲ್ಟೇಜ್ ಬದಲಾಯಿಸಲ್ಲ.” ಈ ಒಂದು ವಾಕ್ಯ ಗೊತ್ತಿಲ್ಲದೆ ಸುಟ್ಟುಹೋದ ಡ್ರೈಯರುಗಳು ರಿಪೇರಿಗೆ ಬರುತ್ತಲೇ ಇರುತ್ತವಂತೆ. ಅಕ್ಕ ಜೊತೆಗೆ ಒಂದು ಸ್ಪೈಕ್ ಬಸ್ಟರ್ ಬೇಕೆಂದಳು. ಕೋಣೆಯಲ್ಲಿ ಪ್ಲಗ್ಗುಗಳು ಕಮ್ಮಿ, ಫೋನುಗಳು ನಾಲ್ಕು. ಭಾವ ಕೈ ಅಡ್ಡ ಹಿಡಿದರು. ಬರುವ ದಾರಿಯುದ್ದಕ್ಕೂ ಅದರ ಕಾರಣ ಹೇಳಿದರು. ನನಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

“ನಮ್ಮ ಮನೆ ಲೈನಲ್ಲಿ ಒಂದು ಫೇಸು, ಒಂದು ನ್ಯೂಟ್ರಲ್. ನ್ಯೂಟ್ರಲನ್ನ ಭೂಮಿಗೆ ಕಟ್ಟಿರ್ತಾರೆ. ಹಡಗಲ್ಲಿ ಭೂಮಿ ಎಲ್ಲಿದೆ? ಅದರ ಕಬ್ಬಿಣದ ಮೈಯೇ ಭೂಮಿ. ಸಾಮಾನ್ಯವಾಗಿ ಯಾವ ತಂತೀನೂ ಆ ಮೈಗೆ ಕಟ್ಟೋದಿಲ್ಲ. ಎಲ್ಲೋ ಒಂದು ತಂತಿ ಮೈಗೆ ತಾಗಿತು ಅಂತ ನಡು ಸಮುದ್ರದಲ್ಲಿ ಕರೆಂಟು ಹೋಗಬಾರದಲ್ಲ, ಅದಕ್ಕೆ. ಆದ್ರೆ ಹಾಗೆ ತಾಗಿದಾಗ ಉಳಿದ ತಂತಿಗಳಿಗೂ ಮೈಗೂ ನಡುವೆ ವೋಲ್ಟೇಜ್ ಏರುತ್ತೆ. ಸ್ಪೈಕ್ ಬಸ್ಟರ್ ಒಳಗೊಂದು ಬಿಲ್ಲೆ ಇರುತ್ತೆ ನೋಡು, ಏರಿದ ವೋಲ್ಟೇಜನ್ನ ಭೂಮಿಗೆ ಬಿಡೋದು ಅದರ ಕೆಲಸ. ಕ್ಷಣಮಾತ್ರಕ್ಕೆ ಬರೋ ಸ್ಪೈಕಿಗೆ ಅಂತ ಮಾಡಿರೋದು, ಅಲ್ಲಿ ಬಿಡುವಿಲ್ಲದೆ ಕೆಲಸ ಮಾಡಬೇಕಾಗುತ್ತೆ. ಕಾದೂ ಕಾದೂ ಉರೀತದೆ.” ಮನೆಯಲ್ಲಿ ಕಾಪಾಡುವ ಸಾಮಾನೇ ಹಡಗಿನಲ್ಲಿ ಬೆಂಕಿಗೆ ಕಾರಣವಾಗಬಹುದೆಂದು ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಿತ್ತು. ಸ್ಪೈಕ್ ಬಸ್ಟರ್ ಅಂಗಡಿಯಲ್ಲೇ ಉಳಿಯಿತು.

ಮಾರನೆಯ ದಿನ ಆರ್.ಟಿ. ನಗರದ ಪಾರ್ಲರಿಗೆ. ಮೊದಲ ಮಹಡಿ, ಕಿರಿದಾದ ಮೆಟ್ಟಿಲು, ಒಳಗೆ ನಾಲ್ಕು ಕುರ್ಚಿ. ಶಾಂಪೂ ವಾಸನೆ, ಕಾದ ಕೂದಲಿನ ವಾಸನೆ, ಯಾರೋ ಮುಡಿದುಬಂದು ತೆಗೆದಿಟ್ಟ ಮಲ್ಲಿಗೆಯ ವಾಸನೆ ಮೂರೂ ಕಲೆತಿದ್ದವು. ಅಲ್ಲಿ ಕೆಲಸ ಮಾಡುವ ಒಬ್ಬಾಕೆ ಕೆಲವು ವರ್ಷ ವಿದೇಶಿ ಕ್ರೂಸ್ ಹಡಗಿನ ಸಲೂನಿನಲ್ಲಿದ್ದು ಬಂದವರು. ಅಕ್ಕ ಅವರನ್ನೇ ಹುಡುಕಿಕೊಂಡು ಹೋಗಿದ್ದು.

ಪುಟ್ಟಿಯದು ಗುಂಗುರು ಕೂದಲು. ಪಾರ್ಲರಿನಾಕೆ ಬಾಚಣಿಗೆಯ ಬಾಲದಿಂದ ಬೈತಲೆ ತೆಗೆದು, ಕೂದಲನ್ನು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕಿದರು. ಕುತ್ತಿಗೆಯ ಹತ್ತಿರದಿಂದ ಒಂದು ತೆಳು ಪದರ ಎತ್ತಿ, ಒಣಗಿದೆಯೇ ಎಂದು ಬೆರಳಿನಿಂದ ಉಜ್ಜಿ ನೋಡಿದರು. ಒದ್ದೆ ಕೂದಲಿಗೆ ಬಿಸಿ ತಟ್ಟೆ ಮುಟ್ಟಿಸಿದರೆ ಒಳಗಿನ ನೀರು ಕುದಿದು ಎಳೆಯೇ ಒಡೆಯುತ್ತದೆ. ತಟ್ಟೆ ಬುಡದಿಂದ ತುದಿಯವರೆಗೆ ನಿಲ್ಲದೆ ಜಾರಿತು. ಗುಂಗುರು ಹೋಗಿ ಕೂದಲು ನೀಳವಾಗಿ ಬೆನ್ನಿಗೆ ಇಳಿಯಿತು.

“ಇದು ಎಷ್ಟು ಹೊತ್ತು ನಿಲ್ಲುತ್ತೆ?” ಎಂದಳು ಪುಟ್ಟಿ.

“ಇಲ್ಲಿ ಎರಡು ದಿನ ನಿಲ್ಲುತ್ತೆ. ಡೆಕ್ ಮೇಲೆ ಅರ್ಧ ಗಂಟೆ.”

ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಅದರ ಒಳಗಿನ ಸಣ್ಣ ಹೈಡ್ರೋಜನ್ ಬಂಧಗಳು ಬಿಸಿಗೆ ಬಿಟ್ಟುಕೊಂಡು, ಆರಿದಾಗ ಹೊಸ ಆಕಾರದಲ್ಲಿ ಕೂಡಿಕೊಳ್ಳುತ್ತವೆ. ತೇವ ಸೋಕಿದರೆ ಮತ್ತೆ ಬಿಟ್ಟು ಹಳೆಯ ಸುರುಳಿಗೇ ಮರಳುತ್ತವೆ. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದ ನಮ್ಮ ಒಣಹವೆಯಲ್ಲಿ ನಿಲ್ಲುವ ನೇರ ಕೂದಲು ಚೆನ್ನೈ ಬಂದರಿನ ಗಾಳಿಗೆ ನಿಲ್ಲುವುದಿಲ್ಲ. ಆದ್ದರಿಂದಲೇ ಹಡಗಿನಲ್ಲಿ ಈ ಯಂತ್ರಗಳಿಗೆ ಅಷ್ಟು ಕೆಲಸ. ಎಲ್ಲರೂ ಚೆನ್ನಾಗಿ ಉಟ್ಟು ತೊಟ್ಟು ಊಟಕ್ಕೆ ಬರುವ ರಾತ್ರಿ ಸಲೂನಿನಲ್ಲಿ ಜಾಗ ಸಿಗದವರು ಕೋಣೆಯಲ್ಲೇ ಮಾಡಿಕೊಳ್ಳುತ್ತಾರೆ. ಒಂದೇ ಸಂಜೆ, ಒಂದೇ ಹೊತ್ತಿಗೆ, ನೂರಾರು ಕೋಣೆಗಳ ಕನ್ನಡಿ ಮುಂದೆ ನೂರಾರು ಬಿಸಿ ತಟ್ಟೆಗಳು.

ಕೋಣೆಯ ಚಿತ್ರವನ್ನೂ ಆಕೆಯೇ ಕಟ್ಟಿಕೊಟ್ಟರು. ಗೋಡೆಗೊಂದು ಟೇಬಲ್, ಅದರ ಮೇಲೊಂದು ಕನ್ನಡಿ, ಪಕ್ಕದಲ್ಲಿ ಸಾಕೆಟ್. ಹಡಗಿನವರ ಡ್ರೈಯರ್ ಡ್ರಾಯರಿನಲ್ಲೋ ಬಚ್ಚಲಿನ ಗೋಡೆಯಲ್ಲೋ ಇರುತ್ತದೆ, ಬೀಸು ಕಮ್ಮಿ. ಬಚ್ಚಲಿನಲ್ಲಿ ಕನ್ನಡಿಯ ಬದಿಗೆ ಇನ್ನೊಂದು ಪ್ಲಗ್ ಕಂಡರೂ ಅದು ಗಡ್ಡ ಹೆರೆಯುವ ಯಂತ್ರಕ್ಕೆ ಮಾತ್ರ, ಪಕ್ಕದಲ್ಲಿ ಆ ಯಂತ್ರದ ಚಿತ್ರವೇ ಇರುತ್ತದೆ. ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಕೊಡುವುದು ಕೆಲವೇ ವ್ಯಾಟು, ಸ್ಟ್ರೈಟ್ನರ್ ಅಲ್ಲಿ ಕಾಯುವುದಿಲ್ಲ. “ಕೆಲಸ ಮುಗಿದ ಮೇಲೆ ಹಾಸಿಗೆ ಮೇಲೆ ಇಡಬೇಡಿ ಆಂಟಿ. ಹಡಗು ವಾಲುತ್ತೆ, ಟೇಬಲ್ ಅಂಚಲ್ಲೂ ಇಡಬೇಡಿ. ಪ್ಲಗ್ ಕಿತ್ತು, ಬಚ್ಚಲ ಸಿಂಕ್ ಪಕ್ಕ ಕಲ್ಲಿನ ಮೇಲೆ ಆರಕ್ಕೆ ಬಿಡಿ. ಆರಿದ ಮೇಲೇನೇ ಡ್ರೆಸ್ ಹಾಕ್ಕೊಳ್ಳಿ.” ಅವಸರ ಮಾಡುವವರ ಕೈಗೆ ಬಿಡುವು ಹುಟ್ಟಿಸುವ ಉಪಾಯ ಅದು.

ಹೆಂಗಸರ ಕೂದಲಿನ ಚಿಂತೆಯನ್ನು ಹಗುರವಾಗಿ ಆಡುವವರ ಮಾತು ನನಗೆ ಸೇರುವುದಿಲ್ಲ. ಮಗಳ ಮದುವೆ, ಹೆರಿಗೆ, ಅತ್ತೆಯ ಆರೈಕೆ ಎಂದು ಮೂವತ್ತು ವರ್ಷ ತುರುಬು ಸುತ್ತಿಕೊಂಡೇ ದಿನ ತಳ್ಳಿದ ಅಕ್ಕ, ಗಂಡನ ಅರವತ್ತರ ಊಟಕ್ಕೆ ಕೂದಲು ಬಿಟ್ಟು ತುದಿಯನ್ನು ಸುರುಳಿ ಮಾಡಿಕೊಳ್ಳಬೇಕೆಂದು ಆಸೆಪಟ್ಟರೆ ಅದು ಪೂರಾ ನ್ಯಾಯವಾದ ಆಸೆ. ಆ ಆಸೆ ಯಾರಿಗೂ ಅಪಾಯವಾಗದಂತೆ ನಡೆಯಬೇಕು, ಅಷ್ಟೇ.

ಏಕೆಂದರೆ ಹಡಗಿನಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಬೀದಿಯಿಲ್ಲ. 2006ರ ಮಾರ್ಚ್ 23ರ ನಸುಕಿನಲ್ಲಿ ಜಮೈಕಾದ ಕಡೆ ಸಾಗುತ್ತಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಒಂದು ಬಾಲ್ಕನಿಯಲ್ಲಿ ಹೊತ್ತಿದ ಬೆಂಕಿ ಪಕ್ಕದಿಂದ ಪಕ್ಕಕ್ಕೆ, ಕೆಳಗಿನಿಂದ ಮೇಲಕ್ಕೆ ಹಬ್ಬಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು. ಆರದೆ ಬಿಸಾಡಿದ ಒಂದು ಸಿಗರೇಟಿನ ಮೇಲೆ ತನಿಖೆಯ ಅನುಮಾನ ನಿಂತಿತು. ಒಂದು ಸಿಗರೇಟಿನ ತುದಿಗೆ ಅಷ್ಟು ಶಕ್ತಿಯಿದ್ದರೆ, ಹಾಸಿಗೆಯ ಮೇಲೆ ಮರೆತ ಬಿಸಿ ತಟ್ಟೆಗೆ ಎಷ್ಟಿರಬೇಡ?

ಅಷ್ಟು ದೂರ ಹೋಗುವುದೂ ಬೇಡ. ಯಲಹಂಕ ನಿಲ್ದಾಣದ ಮೇಲೆಯೇ ಹಾದುಹೋಗುವ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ಸಿನ ಎ.ಸಿ. ಬೋಗಿಗೆ 2013ರ ಡಿಸೆಂಬರ್ 28ರ ಬೆಳಗಿನ ಜಾವ, ಆಗಿನ ಅನಂತಪುರ ಜಿಲ್ಲೆಯ ಕೊತ್ತಚೆರುವಿನ ಹತ್ತಿರ, ಬೆಂಕಿ ಬಿದ್ದು 26 ಜನ ಸತ್ತರು. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಬೋಗಿಯ ಚಾರ್ಜಿಂಗ್ ಪ್ಲಗ್ಗುಗಳನ್ನು ಬಂದ್ ಮಾಡಬೇಕೆಂದು ರೈಲ್ವೆ ಸುರಕ್ಷತಾ ಆಯುಕ್ತರು ಆ ದುರಂತದ ಬೆನ್ನಲ್ಲೇ ಶಿಫಾರಸು ಮಾಡಿದ್ದರು. 2021ರಲ್ಲಿ ಅದನ್ನು ಬಿಗಿಮಾಡಲಾಯಿತು. ಆ ರಾತ್ರಿಯ ಸುದ್ದಿ ಗಾಲಿ ಕಾರ್ಖಾನೆಯ ಪಾಳಿಗೆ ಹೇಗೆ ತಲುಪಿತೆಂದು ಭಾವ ಹೇಳಲು ಶುರುಮಾಡಿ, ಪೂರ್ತಿ ಹೇಳಲಿಲ್ಲ.

ಚೆನ್ನೈಗೆ ಹೊರಟದ್ದೂ ರಾತ್ರಿ ರೈಲಿನಲ್ಲೇ. ಮೆಜೆಸ್ಟಿಕ್ಕಿಗೆ ಬಿಟ್ಟುಬರಲು ನಾನೂ ಹೋಗಿದ್ದೆ. ಬೋಗಿಯ ಕಿಟಕಿ ಪಕ್ಕದ ಸಾಕೆಟ್ ಮೇಲೆ 110 ವೋಲ್ಟ್, ಮೊಬೈಲ್ ಮತ್ತು ಲ್ಯಾಪ್‌ಟಾಪಿಗೆ ಎಂದು ಬರೆದಿತ್ತು. ಎದುರಿನ ಸೀಟಿನ ಹುಡುಗಿ ಮದುವೆಗೆ ಹೊರಟಿದ್ದವಳು, ಬೆಳಗ್ಗೆ ಇಳಿಯುವ ಮುಂಚೆ ಕೂದಲು ನೇರ ಮಾಡಿಕೊಳ್ಳಬಹುದೇ ಎಂದು ತನ್ನ ಸ್ಟ್ರೈಟ್ನರ್ ಹೊರತೆಗೆದಳು. ಭಾವ ಮೆಲ್ಲಗೆ, “ಬೇಡಮ್ಮ, ಸ್ಟೇಷನ್ ವೇಟಿಂಗ್ ರೂಮಲ್ಲಿ ಮಾಡ್ಕೋ” ಎಂದರು. ಅವಳು ತಲೆಯಾಡಿಸಿ ಒಳಗಿಟ್ಟಳು.

ಮಾರನೆಯ ಸಂಜೆ ಹಡಗು ಬಂದರು ಬಿಡುವ ಮುಂಚೆ ಪುಟ್ಟಿಯ ಫೋನ್ ಬಂತು. ಅಪಾಯದ ಹೊತ್ತಿಗೆಂದು ಮಾಡಿಸುವ ಅಭ್ಯಾಸದ ಗಂಟೆ ಮುಗಿದಿತ್ತು: ಏಳು ಸಣ್ಣ ಕೂಗು, ಒಂದು ಉದ್ದನೆಯದು. ಎಲ್ಲರೂ ತಮ್ಮ ಜಾಗಕ್ಕೆ ಹೋಗಿ ನಿಂತು ಬಂದಿದ್ದರು. ಅಜ್ಜಿಗೆ ಲೈಫ್ ಜಾಕೆಟ್ ತೊಡಿಸಿ ತೋರಿಸಿದ್ದರಂತೆ. ಪುಟ್ಟಿಯ ಕೂದಲು ಆಗಲೇ ಸುರುಳಿಗೆ ಮರಳಿತ್ತು. “ಹಾಗೇ ಬಿಟ್ಟಿದೀನಿ ಚಿಕ್ಕಮ್ಮ, ಚೆನ್ನಾಗೇ ಇದೆ. ಈಗ ಅಮ್ಮನ ಪಾಳಿ. ಅಜ್ಜಿ ತಲೆಗೆ ನೀರು ಹಾಕ್ಕೊಂಡಿದಾರೆ, ಅವರದ್ದು ಡ್ರೈಯರ್ರು. ಅಪ್ಪ ಪ್ಲಗ್ ಹತ್ರಾನೇ ಕುರ್ಚಿ ಹಾಕ್ಕೊಂಡು ಕೂತಿದಾರೆ.”

ಅಷ್ಟರಲ್ಲಿ ಭಾವ ಫೋನ್ ಇಸಿದುಕೊಂಡರು. “ಕನ್ನಡಿ ಪಕ್ಕ ದುಂಡು ಪಿನ್ನಿಂದೇ ಇದೆ ಕಣಮ್ಮ, 220. ಯಶವಂತಪುರದ ಅಡಾಪ್ಟರ್ ಬೇಕಾಗಲೇ ಇಲ್ಲ.”