ಓಟದ ಕಾರು ಕುಲುಕುವುದೇಕೆ?

ಹೆಬ್ಬಾಳದ ಮೇಲ್ಸೇತುವೆಯ ಜೋಡಣೆಗಳನ್ನು ದಾಟುವಾಗ ಚಕ್ರ ‘ಟಕ್’ ಎಂದರೂ ಕಾರಿನೊಳಗೆ ಕುಳಿತವರ ಮೈ ಅಷ್ಟಾಗಿ ಅಲುಗದು. ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ. ಷಾಕ್ ಅಬ್ಸಾರ್ಬರಿನ ಎಣ್ಣೆ ಆ ಕುಣಿತವನ್ನು ಶಾಖವಾಗಿಸಿ ಅಡಗಿಸುತ್ತದೆ. ಇದೇ ಸಸ್ಪೆನ್ಷನ್. ಆದರೆ ಕೋಟಿಗಟ್ಟಲೆ ಬೆಲೆಬಾಳುವ ಫಾರ್ಮುಲಾ ಒನ್ ಕಾರಿನ ಚಾಲಕನಿಗೆ ಈ ಸುಖವಿಲ್ಲ. ಅಲ್ಲಿ ಸಸ್ಪೆನ್ಷನ್ ಇರುವುದು ಟೈರು ನೆಲ ಬಿಡದಿರಲೆಂದು, ಸವಾರನ ಸುಖಕ್ಕಲ್ಲ.

ಇದನ್ನು ತಿಳಿಯಲು ಮೊದಲ ಪಾಠ ಕಾರ್ಟ್. ಹೆಣ್ಣೂರು–ಬಾಗಲೂರು ರಸ್ತೆಯ ಮೆಕೋ ಕಾರ್ಟೋಪಿಯಾದಂಥ ಟ್ರ್ಯಾಕುಗಳ ಪುಟ್ಟ ಕಾರ್ಟಿಗೆ ಸ್ಪ್ರಿಂಗೇ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದಿರುವುದರಿಂದ, ತಿರುವಿನಲ್ಲಿ ಒಳಬದಿಯ ಹಿಂಚಕ್ರ ತುಸು ಮೇಲೇಳಬೇಕು. ಉಕ್ಕಿನ ಕೊಳವೆಗಳ ಚೌಕಟ್ಟೇ ಬಾಗಿ ಆ ಕೆಲಸ ಮಾಡುತ್ತದೆ. ಉಳಿದ ಪೆಟ್ಟೆಲ್ಲ ಚಾಲಕನ ಪಕ್ಕೆಲುಬಿಗೆ! ಫಾರ್ಮುಲಾ 2ರವರೆಗೆ ಏರಿದ ಬೆಂಗಳೂರಿನ ಸೋದರರಾದ ಅರ್ಜುನ್ ಮೈನಿ, ಕುಶ್ ಮೈನಿ ಆರಂಭಿಸಿದ್ದೂ ಕಾರ್ಟಿನಲ್ಲೇ.

ಫಾರ್ಮುಲಾ ಒನ್ ಕಾರಿನಲ್ಲಿ ಪ್ರತಿ ಚಕ್ರವನ್ನೂ ಮೇಲೊಂದು, ಕೆಳಗೊಂದು ಕವಲುತೋಳು ಹಿಡಿದಿರುತ್ತದೆ. ಚಕ್ರ ಮೇಲೆದ್ದಾಗ ಓರೆಯಾದ ಸರಳೊಂದು ಕಾರಿನ ಒಡಲಲ್ಲಿರುವ ಸನ್ನೆಯನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಆ ಸನ್ನೆ ಸಾಮಾನ್ಯವಾಗಿ ಲೋಹದ ದಂಡವೊಂದನ್ನು, ಒದ್ದೆಬಟ್ಟೆ ಹಿಂಡಿದಂತೆ, ತಿರುಚುತ್ತದೆ. ಇಲ್ಲಿ ಸ್ಪ್ರಿಂಗ್ ಎಂದರೆ ಈ ದಂಡವೇ. ಒಳಗೇ ಅಡಗಿರುವುದರಿಂದ ಅದು ಗಾಳಿಗೆ ಅಡ್ಡಿಯಾಗದು.

ಈ ದಂಡ ಸುಲಭಕ್ಕೆ ಮಣಿಯುವಂಥದ್ದಲ್ಲ. ಏಕೆ? ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನೋಡಿದವರು ವಿಮಾನದ ರೆಕ್ಕೆಯನ್ನು ತಲೆಕೆಳಗಾಗಿ ಊಹಿಸಿಕೊಳ್ಳಲಿ. ವಿಮಾನವನ್ನು ಎತ್ತುವ ಬಲವೇ ಕಾರನ್ನು ನೆಲಕ್ಕೆ ಒತ್ತುತ್ತದೆ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟು. ಅತಿವೇಗದಲ್ಲಿ ಅದು ಕಾರಿನ ತೂಕವನ್ನೇ ಮೀರುತ್ತದೆ. ಸ್ಪ್ರಿಂಗು ಮೆದುವಾದರೆ ಕಾರಿನ ತಳ ನೆಲಕ್ಕೆ ಉಜ್ಜುವುದು ಖಂಡಿತ.

2022ರ ನಿಯಮಗಳು ಕಾರಿನ ತಳದಲ್ಲಿ ಗಾಳಿಯ ಸುರಂಗಗಳಿಗೆ ಅವಕಾಶ ಕೊಟ್ಟಾಗ ಪೇಚು ಶುರುವಾಯಿತು. ತಳ ನೆಲಕ್ಕೆ ಹತ್ತಿರವಾದಷ್ಟೂ ಸೆಳೆತ ಹೆಚ್ಚು. ತೀರಾ ಹತ್ತಿರವಾದರೆ ಗಾಳಿಯ ಹರಿವು ಕಟ್ಟಿ ಸೆಳೆತ ತಪ್ಪುತ್ತದೆ. ಕಾರು ಮೇಲಕ್ಕೆ ಪುಟಿಯುತ್ತದೆ, ಮತ್ತೆ ಕುಸಿಯುತ್ತದೆ. ಇದು ಸೆಕೆಂಡಿಗೆ ಹಲವು ಸಲ! ಆ ವರ್ಷದ ಜೂನ್‌ನಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ, ಏಳು ಬಾರಿಯ ವಿಶ್ವ ಚಾಂಪಿಯನ್ ಲೂಯಿಸ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಕಾರಿನಿಂದ ಇಳಿದರು.

ಕಾರನ್ನು ತುಸು ಎತ್ತರಿಸಿದರೆ ಈ ಎಗರಾಟ ತಗ್ಗುತ್ತದೆ. ಆದರೆ ವೇಗವೂ ತಗ್ಗುತ್ತದೆ. ತಾನಾಗಿ ನಿಧಾನವಾಗಲು ಯಾವ ತಂಡ ಒಪ್ಪೀತು? ಕಾರಿನ ಎತ್ತರವನ್ನು ಕಂಪ್ಯೂಟರೇ ಕಾಯುವ ಸಸ್ಪೆನ್ಷನ್ 1992ರಲ್ಲೇ ವಿಲಿಯಮ್ಸ್ ತಂಡದ ನೈಜೆಲ್ ಮ್ಯಾನ್ಸೆಲ್ ಅವರ ವಿಶ್ವಪಟ್ಟಕ್ಕೆ ನೆರವಾಗಿತ್ತು. 1994ರಿಂದ ಅದಕ್ಕೆ ನಿಷೇಧ. ಕೊನೆಗೆ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ 2022ರ ಬೆಲ್ಜಿಯಂ ಸ್ಪರ್ಧೆಯಿಂದ ಎಗರಾಟಕ್ಕೆ ಮಿತಿ ಹಾಕಿತು. 2023ಕ್ಕೆ ತಳದ ಅಂಚುಗಳನ್ನು 15 ಮಿ.ಮೀ. ಎತ್ತರಿಸಲು ವಿಧಿಸಿತು.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಕಾರುಗಳ ನಿಯಮದಲ್ಲಿ, ಚಾಲಕ ಕುಳಿತಿರುವಾಗ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಒಟ್ಟು ಕನಿಷ್ಠ 50 ಮಿ.ಮೀ. ಅವಕಾಶವಿರಬೇಕು. ಸ್ಪ್ರಿಂಗಿನ ಲೆಕ್ಕ ಹಾಕಲು ಕೂರುವ ನಮ್ಮ ಮಕ್ಕಳು ಸೆಕೆಂಡುಗಳ ಜೊತೆಗೆ ಚಾಲಕನ ಬೆನ್ನುಮೂಳೆಯನ್ನೂ ಲೆಕ್ಕಕ್ಕೆ ಹಿಡಿಯಲಿ.